"ವಾಗ್ದಾನ ಹಿಡಿದು ಪ್ರಾರ್ಥಿಸಿದೆ, ಆಗಲಿಲ್ಲ. ನನ್ನ ನಂಬಿಕೆ ಸಾಲಲಿಲ್ಲವಾ?"

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕ್ರೈಸ್ತ ಸಭೆಗಳಲ್ಲಿ ಈ ಪ್ರಶ್ನೆ ಬರುವುದು ಆರಾಧನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುವ ಹೊತ್ತಿನಲ್ಲಿ, ಅದೂ ಮೆಲುದನಿಯಲ್ಲಿ. "ಪಾಸ್ಟ್ರೇ, ಯೇಸು ಸ್ವಾಮಿ ಕೊಟ್ಟ ಮಾತನ್ನೇ ಹಿಡಿದು ಕೇಳಿದೆ. ಆಗ್ಲಿಲ್ಲ. ನನ್ನ ನಂಬಿಕೆ ಸಾಲ್ದಾಯ್ತಾ?" ಸಾವಿರ ಅಡಿ ಕೊರೆಸಿದ ಬೋರ್‌ವೆಲ್‌ನಲ್ಲಿ ಬರೀ ಧೂಳು ಬಂದಿರುತ್ತದೆ. ಮಗಳಿಗೆ ಬಂದ ಸಂಬಂಧ ಮುರಿದಿರುತ್ತದೆ. ಗಂಡನ ಡಯಾಲಿಸಿಸ್ ನಿಂತಿರುವುದಿಲ್ಲ.

ನನ್ನ ಉತ್ತರ ಇಷ್ಟು: ಬಹಳ ಸಲ ಕಡಿಮೆಬಿದ್ದದ್ದು ನಂಬಿಕೆಯಲ್ಲ, ಓದು. ಯೇಸು ಕೊಡದೇ ಇದ್ದ ಮಾತನ್ನು ಆತನ ಹೆಸರಿನಲ್ಲಿ ನಂಬಿ ಕೂತು, ಆತ ನಿಜವಾಗಿ ಕೊಟ್ಟ ಮಾತನ್ನು ಗಮನಿಸದೆ ಬಿಟ್ಟಿರುತ್ತೇವೆ.

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ತಟ್ಟೆ ಹಿಡಿದು ವಾಗ್ದಾನದ ಕಾರ್ಡು ಹಂಚುತ್ತಾರೆ. ಅಂಗೈಯಗಲದ ಕಾರ್ಡು, ಅದರ ಮೇಲೊಂದು ಹೂವು, ಹೂವಿನ ಕೆಳಗೆ ಎರಡು ಸಾಲು. ಅದು ಬೀರುವಿನ ಕನ್ನಡಿಗೆ ಅಂಟಿ ವರ್ಷವಿಡೀ ಅಲ್ಲೇ ಇರುತ್ತದೆ. ಕಾರ್ಡು ಕೆಟ್ಟದ್ದೇನಲ್ಲ. ಆದರೆ ಎರಡೇ ಸಾಲು ಹಿಡಿಯುವ ಜಾಗದಲ್ಲಿ ಅದರ ಹಿಂದಿನ, ಮುಂದಿನ ವಚನಗಳಿಗೆ ಜಾಗ ಎಲ್ಲಿ? ನಿಮಗೆ ಹಿತವಾದದ್ದನ್ನೇ ಯೋಚಿಸಿದ್ದೇನೆ, ನಿರೀಕ್ಷೆ ಕೊಡುತ್ತೇನೆ ಎಂದು ದೇವರು ಹೇಳುವ ಯೆರೆಮೀಯ 29:11 ಎಷ್ಟು ಮನೆಗಳಲ್ಲಿದೆಯೋ. ಅದು ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಬರೆದ ಕಾಗದ. ಬಿಡುಗಡೆಗೆ 70 ವರ್ಷ ಎಂದು 10ನೇ ವಚನದಲ್ಲಿದೆ; ಅಲ್ಲಿಯೇ ಮನೆ ಕಟ್ಟಿ, ತೋಟ ಮಾಡಿ ಎಂದು 5ನೇ ವಚನದಲ್ಲಿದೆ. ಆ ಕಾಗದ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಬಾಬೆಲಿನಲ್ಲೇ ಮಣ್ಣಾಗಬೇಕಿತ್ತು. ಅದನ್ನು "ಈ ವರ್ಷ ಒಳ್ಳೆಯದಾಗುತ್ತೆ" ಎಂದು ಓದಿಕೊಂಡರೆ ಡಿಸೆಂಬರ್ ಹೊತ್ತಿಗೆ ಮನಸ್ಸು ಮುರಿಯದೆ ಇನ್ನೇನಾಗುತ್ತದೆ?

ಯೇಸುವಿನ ಬಾಯಿಂದಲೇ ಬಂದ ಮಾತುಗಳಿಗೂ ಇದೇ ಗತಿ. ಮಾರ್ಕ 10:30ರಲ್ಲಿ, ನನಗಾಗಿ ಬಿಟ್ಟುಬಂದದ್ದರ ನೂರರಷ್ಟು ಹಿಂದಕ್ಕೆ ಸಿಗುತ್ತದೆ ಎಂದಿದೆ, ಹೌದು. "ಹಿಂಸೆಗಳೂ ಸಹಿತ" ಎಂಬುದೂ ಅದೇ ವಾಕ್ಯದಲ್ಲಿದೆ. ಬೇಡಿದ್ದೆಲ್ಲ ಹೊಂದಿದ್ದೇವೆಂದು ನಂಬಿರಿ ಎನ್ನುವ ಮಾರ್ಕ 11:24ರ ಮರುವಚನವೇ, ಯಾರ ಮೇಲೆ ಏನಿದ್ದರೂ ಕ್ಷಮಿಸಿರಿ ಎನ್ನುತ್ತದೆ. ಜಮೀನು ಭಾಗದ ಕೇಸಿನಲ್ಲಿ ಅಣ್ಣನ ಮುಖ ನೋಡುವುದನ್ನೇ ಬಿಟ್ಟವರು 24ನ್ನು ಬಾಯಿಪಾಠ ಮಾಡಿ 25ಕ್ಕೆ ಹೋಗದಿದ್ದರೆ ವಾಗ್ದಾನದ ಅರ್ಧ ಮಾತ್ರ ಹಿಡಿದಂತಾಯಿತು.

ಆದ್ದರಿಂದ ಒಂದು ನೋಟ್‌ಬುಕ್ ಇಡಿ. ಎಡ ಪುಟದಲ್ಲಿ ವಚನದ ಜೊತೆಗೆ ಅದರ ಹಿಂದಿನ ಐದು, ಮುಂದಿನ ಐದು ವಚನಗಳನ್ನೂ ಕೈಯಾರೆ ಬರೆಯಿರಿ. ಬರೆಯುವಾಗ ಕಣ್ಣು ಹಾರಿಸಿದ್ದನ್ನು ಕೈ ಹಾರಿಸುವುದಿಲ್ಲ. ಬಲ ಪುಟದ ಮೇಲೆ ತಾರೀಕು. ಅದರ ಕೆಳಗೆ ಯೇಸು ಇದನ್ನು ಯಾರಿಗೆ ಹೇಳಿದ, ಏನಾದರೂ ಷರತ್ತು ಇಟ್ಟನಾ, ಕೊಡುತ್ತೇನೆಂದದ್ದು ಏನು, ಹೇಳದೇ ಇದ್ದದ್ದು ಏನು ಎಂದು ಬರೆಯಿರಿ. ಕೊನೆಗೆ ನಿಮ್ಮ ಬೇಡಿಕೆ, ಒಂದೇ ಸಾಲಿನಲ್ಲಿ. ತಾರೀಕು ಯಾಕೆಂದರೆ, ದಿನ ಕಳೆದಂತೆ ಬೇಡಿದ್ದು ಏನು ಎಂಬುದೇ ಮನಸ್ಸಿನಲ್ಲಿ ಬದಲಾಗುತ್ತದೆ; ಆಮೇಲೆ ಉತ್ತರ ಬಂದಿದ್ದರೂ ಗುರುತು ಸಿಗುವುದಿಲ್ಲ. ತಿಂಗಳಿಗೊಮ್ಮೆ ಹಿಂದಕ್ಕೆ ತಿರುವಿ ಓದಿ.

"ಹೇಳದೇ ಇದ್ದದ್ದು" ಎಂಬ ಸಾಲು ಬರೆಯಲು ತುಂಬ ಜನ ಹೆದರುತ್ತಾರೆ, ಅದು ಅವಿಶ್ವಾಸ ಎಂದುಕೊಂಡು. ಸೈತಾನನು ದೇವಾಲಯದ ಶಿಖರದ ಮೇಲೆ ಯೇಸುವಿಗೆ ತೋರಿಸಿದ್ದೂ ಒಂದು ವಾಗ್ದಾನವನ್ನೇ: ದೇವದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರು ಎನ್ನುವ ಕೀರ್ತನೆ 91. ಅದನ್ನು ಹಿಡಿದು ಧುಮುಕಲು ಯೇಸು ಒಪ್ಪಲಿಲ್ಲ. ದೇವರನ್ನು ಪರೀಕ್ಷಿಸಬಾರದು ಎಂದ.

"ನನ್ನ ಹೆಸರಿನಲ್ಲಿ ಬೇಡಿಕೊಂಡರೆ" ಎಂಬ ಯೇಸುವಿನ ಮಾತನ್ನೂ ಹೀಗೇ ನೋಡಬೇಕು. ಊರ ಅಂಗಡಿಗೆ ಹೋಗಿ "ಅಪ್ಪ ಹೇಳವ್ರೆ, ಲೆಕ್ಕದಲ್ಲಿ ಬರ್ಕೊಳ್ಳಿ" ಎನ್ನುವ ಹುಡುಗನಿಗೆ ಎಣ್ಣೆ, ಬೇಳೆ ಸಿಗುತ್ತದೆ. ಅಪ್ಪ ಹೇಳದ್ದನ್ನು ಅದೇ ಹೆಸರಿನಲ್ಲಿ ಕೇಳಿದರೆ ಅಂಗಡಿಯವರು ಫೋನ್ ಮಾಡಿ ವಿಚಾರಿಸುತ್ತಾರೆ. ಹೆಸರು ಮಂತ್ರವಲ್ಲ, ಆ ಹೆಸರಿನವನ ಮನಸ್ಸು ಅದರೊಳಗಿರಬೇಕು. ಯೋಹಾನ 15:7ರಲ್ಲಿ ಬೇಡಿಕೊಳ್ಳಿರಿ ಎನ್ನುವ ಮೊದಲು, ನನ್ನ ವಾಕ್ಯಗಳು ನಿಮ್ಮಲ್ಲಿ ನೆಲೆಗೊಂಡಿದ್ದರೆ ಎಂದು ಹೇಳಿದ್ದು ಇದಕ್ಕೇ.

ಇಷ್ಟೆಲ್ಲ ಸೋಸಿದ ಮೇಲೆ ಉಳಿಯುವುದೇನು ಎಂದು ಕೇಳುತ್ತಾರೆ. ತುಂಬ ಉಳಿಯುತ್ತದೆ! ಬಳಿಗೆ ಬಂದವರನ್ನು ತಳ್ಳಿಬಿಡುವುದಿಲ್ಲ, ಯೋಹಾನ 6:37. ಯುಗದ ಸಮಾಪ್ತಿಯವರೆಗೂ ಎಲ್ಲಾ ದಿವಸ ನಿಮ್ಮ ಸಂಗಡ ಇರುತ್ತೇನೆ, ಮತ್ತಾಯ 28:20. ಲೋಕದಲ್ಲಿ ಸಂಕಟ ಉಂಟು, ಆದರೂ ಧೈರ್ಯವಾಗಿರಿ, ಯೋಹಾನ 16:33. ಇವುಗಳಿಗೆ ಬೋರ್‌ವೆಲ್ಲಿನ ನೀರಿನ ಷರತ್ತಿಲ್ಲ, ಟೊಮೆಟೊ ರೇಟಿನ ಷರತ್ತಿಲ್ಲ. ಶರೀರದಲ್ಲಿ ನಾಟಿದ ಮುಳ್ಳಿನಂತೆ ಕಾಡುತ್ತಿದ್ದ ಬಾಧೆಯನ್ನು ತೆಗೆ ಎಂದು ಅಪೊಸ್ತಲ ಪೌಲ ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಮಾತು ಬಂತು. ಪೌಲನ ನಂಬಿಕೆ ಕಡಿಮೆಯಿತ್ತು ಎಂದು ಹೇಳುವ ಧೈರ್ಯ ಯಾರಿಗಿದೆ?

ನಂಬುವುದು ಹೇಗಿರುತ್ತದೆ ಎಂದು ನೋಡಬೇಕಾದರೆ ಯೋಹಾನ 4ರ ಕೊನೆಯ ಒಂಬತ್ತು ವಚನ ಓದಿ. ಅರಮನೆಯ ಅಧಿಕಾರಿಯೊಬ್ಬ ಕಪೆರ್ನೌಮಿನಿಂದ ಕಾನಾಕ್ಕೆ ಹತ್ತಿ ಬಂದಿದ್ದಾನೆ. ಹೆಚ್ಚುಕಡಿಮೆ ಕೋಲಾರದಿಂದ ಮುಳಬಾಗಿಲಿಗೆ ಇರುವಷ್ಟು ದಾರಿ. ಮಗ ಸಾಯುವಂತಿದ್ದಾನೆ, ನೀನೇ ಇಳಿದು ಬಾ ಎನ್ನುತ್ತಾನೆ. ಯೇಸು ಜೊತೆಗೆ ಹೊರಡುವುದಿಲ್ಲ. "ಹೋಗು, ನಿನ್ನ ಮಗನು ಬದುಕುತ್ತಾನೆ" ಎಂದಷ್ಟೇ ಹೇಳುತ್ತಾನೆ. ಆ ತಂದೆ ಮಾತು ನಂಬಿ ಹೊರಟ. ಕೈಯಲ್ಲಿ ಗುರುತಿಲ್ಲ, ಚೀಟಿಯಿಲ್ಲ. ಎದುರಿಗೆ ಬಂದ ಆಳುಗಳು ಜ್ವರ ಬಿಟ್ಟದ್ದು "ನೆನ್ನೆ" ಎನ್ನುತ್ತಾರೆ. ಅಂದರೆ ನಡುವೆ ಒಂದು ರಾತ್ರಿ ಕಳೆದಿದೆ. ಆ ರಾತ್ರಿ ಅವನಿಗೆ ಭಯವೇ ಆಗಲಿಲ್ಲ ಎಂದು ಎಲ್ಲೂ ಬರೆದಿಲ್ಲ. ಬರೆದಿರುವುದು ಅವನು ಹೊರಟ ಎಂದು. ಎಷ್ಟು ಹೊತ್ತಿಗೆ ಜ್ವರ ಬಿಟ್ಟಿತು ಎಂದೂ ಅವನು ವಿಚಾರಿಸುತ್ತಾನೆ. ಹಾಗೆ ತಾಳೆ ನೋಡುವುದು ತಪ್ಪಲ್ಲ, ನೋಟ್‌ಬುಕ್ಕಿನ ತಾರೀಕಿಗೆ ಆಧಾರ ಇದೇ.

ಎರಡು ಕಡೆ ಕಟ್ಟುನಿಟ್ಟಾಗಿ ಹೇಳಬೇಕು. ವಾಗ್ದಾನ ನಂಬಿದೆ ಎಂದು ಶುಗರ್ ಮಾತ್ರೆ, ಇನ್ಸುಲಿನ್, ಬಿ.ಪಿ. ಮಾತ್ರೆ ನಿಲ್ಲಿಸಬೇಡಿ. ಗುಣವಾಗಿದೆ ಎನಿಸಿದರೆ ರಕ್ತಪರೀಕ್ಷೆ ಮಾಡಿಸಿ, ಡಾಕ್ಟರೇ ನಿಲ್ಲಿಸಲಿ. ಕುಷ್ಠ ವಾಸಿಯಾದವನನ್ನು ಯೇಸುವೇ ಯಾಜಕನಿಗೆ ತೋರಿಸಿಕೊಳ್ಳಲು ಕಳಿಸಿದ. ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆ ಕಟ್ಟಿದ ಮೆಥೋಡಿಸ್ಟ್ ಮಿಷನರಿಗಳು ಪ್ರಾರ್ಥನೆ ಗೊತ್ತಿಲ್ಲದವರಾಗಿರಲಿಲ್ಲ. ಇನ್ನೊಂದು, ಇಷ್ಟು ಕಾಣಿಕೆ ಕೊಟ್ಟರೆ ನೂರರಷ್ಟು ಬರುತ್ತದೆ ಎಂದು ಯಾರಾದರೂ ಹೇಳಿದರೆ, ಸಾಲ ಮಾಡಿ, ಹಸು ಮಾರಿ ಕೊಡಬೇಡಿ. ಅದು ಯೇಸುವಿನ ವಾಗ್ದಾನವಲ್ಲ.

ಬೇಡಿದ ಜೀವ ಉಳಿಯದೇ ಹೋದ ಮನೆಗೆ ಹೋಗುವಾಗ ಯಾವ ವಚನ ಹೇಳಲಿ ಎಂದೂ ಕೇಳುತ್ತಾರೆ. ಮೊದಲ ದಿನ ಯಾವುದೂ ಬೇಡ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಎನ್ನುವ ರೋಮಾಪುರ 8:28 ಅಂತೂ ಬೇಡವೇ ಬೇಡ. ಸಾರು ಅನ್ನ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಅವರೇ ಓದಿ ಎಂದರೆ ಯೋಹಾನ 11 ತೆಗೆಯಿರಿ. ಸತ್ತ ಲಾಜರನನ್ನು ಎಬ್ಬಿಸುತ್ತೇನೆಂದು ಯೇಸುವಿಗೆ ಗೊತ್ತಿತ್ತು. ಆದರೂ ಅವನ ಸಹೋದರಿ ಮರಿಯಳು ಅಳುವುದನ್ನು ನೋಡಿ ಆತನೂ ಅತ್ತ, 35ನೇ ವಚನ. ಆ ದಿನಕ್ಕೆ ಅಲ್ಲಿಗೇ ಓದು ನಿಲ್ಲಿಸಿ, ಅವರ ಕೈ ಹಿಡಿದುಕೊಳ್ಳಿ.