ಕಾವಲಿಲ್ಲದ ಲೈಬ್ರರಿಯಲ್ಲಿ

ಬೆಳಿಗ್ಗೆ 8 ಗಂಟೆ, ಇನ್ನೂ ನಸುಗತ್ತಲೆ. ಫಿನ್‌ಲ್ಯಾಂಡಿನ ಎಸ್ಪೋ ನಗರದ ಒಂದು ಶಾಖಾ ಲೈಬ್ರರಿಯ ಬಾಗಿಲ ಮುಂದೆ ನಿಂತಿದ್ದೆ. ಸಿಬ್ಬಂದಿ ಬರೋದು 10 ಗಂಟೆಗೆ ಅಂತ ಬಾಗಿಲ ಮೇಲೆ ಬರೆದಿತ್ತು. ಆದರೆ ಗಾಜಿನಾಚೆ ದೀಪ ಉರಿಯುತ್ತಿತ್ತು. ವಯಸ್ಸಾದವರೊಬ್ಬರು ಒಳಗೆ ಕೂತು ಪೇಪರ್ ಓದುತ್ತಿದ್ದರು. ಮೇಜಿನ ಮೇಲೆ ಅವರ ಉಣ್ಣೆ ಟೋಪಿ, ಅದರೊಳಗೆ ಕೈಗವಸು.

"ಯಾರೋ ಒಳಗೆ ಹೋಗಿಬಿಟ್ಟಿದ್ದಾರೆ" ಅಂತ ನಾನು ಗಾಬರಿಯಿಂದ ಜೊತೆಗಿದ್ದವರ ತೋಳು ಹಿಡಿದೆ.

"ಹೌದು, ಅವರು ದಿನಾ ಬರ್ತಾರೆ" ಅಂದರು ಅವರು, ಶಾಂತವಾಗಿ.

2019ರ ಅಕ್ಟೋಬರ್‌ನಲ್ಲಿ ಮೂರು ವಾರಗಳ ವೃತ್ತಿ ವಿನಿಮಯ ಕಾರ್ಯಕ್ರಮಕ್ಕೆ ಫಿನ್‌ಲ್ಯಾಂಡಿಗೆ ಹೋಗಿದ್ದೆ. ನಮ್ಮ ತಂಡದಲ್ಲಿ ಐದು ಜನ, ಐದು ಬೇರೆ ಬೇರೆ ಕೆಲಸದವರು. ಹೋಟೆಲಿಲ್ಲ. ಅಲ್ಲಿ ನಮ್ಮದೇ ಕೆಲಸ ಮಾಡುವ ಒಬ್ಬರ ಮನೆಯಲ್ಲಿ ಉಳಿಯಬೇಕು, ಬೆಳಿಗ್ಗೆ ಅವರ ಜೊತೆಗೇ ಕೆಲಸಕ್ಕೆ ಹೋಗಬೇಕು, ಸಂಜೆ ಅವರ ಜೊತೆಗೇ ಮನೆಗೆ ಬರಬೇಕು. ನಾನು ಹದಿನಾರು ವರ್ಷದಿಂದ ಗ್ರಂಥಪಾಲಕಿ. ಹಾಗಾಗಿ ನನ್ನನ್ನು ಮನೆಯಲ್ಲಿ ಇಟ್ಟುಕೊಂಡವರೂ ಗ್ರಂಥಪಾಲಕಿಯೇ. ನನಗಿಂತ ಹದಿನೈದು ವರ್ಷ ದೊಡ್ಡವರು. ಹೆಸರು ಹಿಡಿದೇ ಕರೆಯಬೇಕು ಅಂತ ಮೊದಲ ದಿನವೇ ಹೇಳಿದ್ದರು. ಅಲ್ಲಿ ಶಾಲೆಯ ಮಕ್ಕಳು ಟೀಚರನ್ನೂ ಹಾಗೆಯೇ ಕರೆಯುತ್ತಾರೆ. ಫಿನ್ನಿಷ್ ಭಾಷೆಯಲ್ಲಿ ನೀನು, ನೀವು ಎರಡೂ ಇವೆ. 'ಸಿನಾ' ಅಂದರೆ ನೀನು, 'ತೆ' ಅಂದರೆ ನೀವು. ಆದರೆ ದಿನದ ಮಾತಿನಲ್ಲಿ ಹೆಚ್ಚಾಗಿ ಕೇಳೋದು 'ಸಿನಾ'ನೇ. ನನಗೆ ಮಾತ್ರ ಕೊನೆಯವರೆಗೂ ನಾಲಿಗೆ ಹೊರಳಲಿಲ್ಲ. ಅವರನ್ನು ಕರೆಯಬೇಕಾದಾಗಲೆಲ್ಲ ಹತ್ತಿರ ಹೋಗಿ ನಿಲ್ಲುತ್ತಿದ್ದೆ.

ಆ ಬೆಳಗಿನ ವಿಷಯಕ್ಕೆ ಬರ್ತೀನಿ. ಅಂಥ ಲೈಬ್ರರಿಗೆ ಅಲ್ಲಿ 'ಒಮತೊಯ್ಮಿ ಕಿರ್ಯಾಸ್ತೊ' ಅನ್ನುತ್ತಾರೆ. ಓದುಗರು ತಾವೇ ನಡೆಸಿಕೊಳ್ಳುವ ಲೈಬ್ರರಿ ಅಂದುಕೊಳ್ಳಿ. ಬಾಗಿಲಿನ ಯಂತ್ರಕ್ಕೆ ಲೈಬ್ರರಿ ಕಾರ್ಡ್ ತೋರಿಸಿ ನಾಲ್ಕಂಕಿಯ ಗುಟ್ಟಿನ ಸಂಖ್ಯೆ ಒತ್ತಿದರೆ ಬಾಗಿಲು ತೆರೆದುಕೊಳ್ಳುತ್ತದೆ. ಬೆಳಿಗ್ಗೆ ಸಿಬ್ಬಂದಿ ಬರುವ ಮುಂಚೆ, ಸಂಜೆ ಅವರು ಹೋದ ಮೇಲೆ, ಯಾರು ಬೇಕಾದರೂ ಒಳಗೆ ಬಂದು ಓದಬಹುದು, ಯಂತ್ರದಲ್ಲಿ ತಾವೇ ಪುಸ್ತಕ ದಾಖಲಿಸಿಕೊಂಡು ತಗೊಂಡು ಹೋಗಬಹುದು. ಕ್ಯಾಮೆರಾ ಇರುತ್ತದೆ, ಅದು ನಿಜ. ಆದರೆ ಮನುಷ್ಯರ ಕಾವಲಿಲ್ಲ.

ನನಗೆ ಇದು ಯಾಕೆ ಅಷ್ಟೊಂದು ನಾಟಿತು ಅಂತ ಹೇಳಬೇಕು. ವಿನಿಮಯ ಅಂದಮೇಲೆ ನಾವೂ ಏನಾದರೂ ಹಂಚಿಕೊಳ್ಳಬೇಕಲ್ಲ. ಅದಕ್ಕೆ ಮೊದಲ ವಾರವೇ ನಾನೊಂದು ಭಾಷಣ ಮಾಡಿದ್ದೆ. ವಿಷಯ, ಪುಸ್ತಕಗಳನ್ನು ಕಾಪಾಡುವುದು ಹೇಗೆ. ಕಳೆದುಹೋದ ಪುಸ್ತಕಗಳ ಲೆಕ್ಕ, ಹರಿದ ಪುಟಗಳ ಫೋಟೋ, ಬಾಗಿಲಲ್ಲೇ ಚೀಲ ಇರಿಸಿಕೊಳ್ಳುವ ಪದ್ಧತಿ, ಬೀಗ ಹಾಕಿದ ಕಪಾಟು, ಎಲ್ಲವನ್ನೂ ತೋರಿಸಿದ್ದೆ. ಹದಿನಾರು ವರ್ಷದ ಶ್ರಮ ಅದು, ನನಗೆ ಅದರ ಬಗ್ಗೆ ಹೆಮ್ಮೆಯಿತ್ತು. ಭಾಷಣ ಮುಗಿಯಿತು. ಹನ್ನೆರಡು ಜನ ಕೂತಿದ್ದರು, ಒಬ್ಬರೂ ಏನೂ ಕೇಳಲಿಲ್ಲ. ಸುಮ್ನೆ ಕೂತಿದ್ದರು. ನನಗೆ ಗಂಟಲು ಒಣಗಿತು. ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನ ಕಾಫಿ ಹೊತ್ತಿನಲ್ಲಿ ಅವರು ಒಬ್ಬೊಬ್ಬರಾಗಿ ಬಂದರು. ಅಲ್ಲಿ ಕಾಫಿ ವಿರಾಮ ಅಂದರೆ ಸಣ್ಣ ವಿಷಯ ಅಲ್ಲ, ಕೆಲಸದ ಒಪ್ಪಂದದಲ್ಲೇ ಅದು ಬರೆದಿರುತ್ತದೆ. ಏಲಕ್ಕಿ, ದಾಲ್ಚಿನ್ನಿ ಹಾಕಿ ಸುತ್ತಿದ ಬನ್ನು ಜೊತೆಗಿರುತ್ತದೆ. ಅದರ ಹೆಸರು ಕೊರ್ವಪೂಸ್ತಿ, ಅಂದರೆ ಕಪಾಳಕ್ಕೊಂದು ಏಟು! ಬನ್ನು ಮುರಿಯುತ್ತ ಒಬ್ಬರು ಕೇಳಿದರು: "ಚೀಲ ಬಾಗಿಲಲ್ಲೇ ಬಿಟ್ಟ ಮೇಲೆ ಓದುಗರಿಗೆ ಹೇಗೆ ಅನ್ನಿಸುತ್ತೆ? ಕೇಳಿದ್ದೀರಾ?" ಚುಚ್ಚುವ ದನಿಯಲ್ಲ ಅದು. ನಿಜವಾಗಿಯೂ ತಿಳಿಯಬೇಕು ಅಂತಲೇ ಕೇಳಿದ್ದು. ನಿನ್ನೆಯ ಮೌನ ಬೇಸರದ್ದಲ್ಲ, ಯೋಚನೆಯದ್ದು ಅಂತ ಆಗ ಗೊತ್ತಾಯಿತು. ಆದರೆ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಯಾವತ್ತೂ ಕೇಳಿರಲಿಲ್ಲ.

ಹೆಲ್ಸಿಂಕಿಯ ಹೊಸ ಲೈಬ್ರರಿ ಓಡಿಯನ್ನೂ ನೋಡಿದೆ. 2018ರ ಡಿಸೆಂಬರ್ 5ರಂದು, ಸ್ವಾತಂತ್ರ್ಯ ದಿನದ ಹಿಂದಿನ ದಿನ, ಸಂಸತ್ ಭವನದ ಎದುರಿಗೇ ತೆರೆದದ್ದು. ಎರಡನೇ ಮಹಡಿಯಲ್ಲಿ ಹೊಲಿಗೆ ಯಂತ್ರಗಳಿವೆ, ಒಬ್ಬ ಹುಡುಗಿ ಪರದೆ ಬಟ್ಟೆಯ ಅಂಚು ಹೊಲಿಯುತ್ತಿದ್ದಳು. ಸುರುಳಿ ಮೆಟ್ಟಿಲಿನ ಸುತ್ತ, ಈ ಲೈಬ್ರರಿ ಯಾರಿಗೆ ಅರ್ಪಣೆ ಅಂತ ನೂರಾರು ಪದಗಳನ್ನು ಬರೆದಿದ್ದಾರೆ. ದೊಡ್ಡದು, ಚೆಂದದ್ದು. ಆದರೆ ನನ್ನ ಮನಸ್ಸು ಎಸ್ಪೋದ ಆ ಚಿಕ್ಕ ಶಾಖೆಯಲ್ಲೇ ಉಳಿದಿತ್ತು.

ಅಲ್ಲಿ ನನಗೆ ಇನ್ನೊಂದು ಖುಷಿ ಸಿಕ್ಕಿತು. ಫಿನ್ನಿಷ್‌ನಲ್ಲಿ ಲೈಬ್ರರಿಗೆ 'ಕಿರ್ಯಾಸ್ತೊ'. 'ಕಿರ್ಯಾ' ಅಂದರೆ ಪುಸ್ತಕ. ಲೈಬ್ರರಿಯಲ್ಲಿ ಅನ್ನೋದಕ್ಕೆ 'ಕಿರ್ಯಾಸ್ತೊಸ್ಸ', ಲೈಬ್ರರಿಯಿಂದ ಅನ್ನೋದಕ್ಕೆ 'ಕಿರ್ಯಾಸ್ತೊಸ್ತ', ಲೈಬ್ರರಿಗೆ ಅನ್ನೋದಕ್ಕೆ 'ಕಿರ್ಯಾಸ್ತೋನ್'. ಅಲ್ಲಿ, ಇಂದ, ಗೆ ಎಲ್ಲ ನಮ್ಮ ಹಾಗೆಯೇ ಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ! ಹ್ರಸ್ವ, ದೀರ್ಘ, ಒತ್ತಕ್ಷರ ತಪ್ಪಿದರೆ ಅರ್ಥವೇ ಬೇರೆ. 'ಮುತ' ಅಂದರೆ 'ಕೆಸರು', 'ಮುತ್ತ' ಅಂದರೆ 'ಆದರೆ', 'ಮೂತ' ಅಂದರೆ 'ಬೇರೆ'. ಬೇರೆ ದೇಶದವರಿಗೆ ಇದು ಬಹಳ ಕಷ್ಟವಂತೆ. ನಾನು ಕೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಓದಿ ಹೇಳಿದೆ. ಸಹೋದ್ಯೋಗಿಗಳು ಬೆರಗಾಗಿ ಇನ್ನೊಂದು ಹೇಳಿ, ಮತ್ತೊಂದು ಹೇಳಿ ಅಂತ ಕೂಡಿಸಿಕೊಂಡರು. ನನ್ನ ಪುಸ್ತಕದಲ್ಲಿ ಅವರ ಭಾಷೆ ನಮ್ಮ ಲಿಪಿಯಲ್ಲಿ ಕೂತದ್ದನ್ನು ಬೆರಳಿನಿಂದ ಮುಟ್ಟಿ ನೋಡಿದರು.

ಎರಡನೇ ವಾರದ ಮಂಗಳವಾರ ಮಧ್ಯಾಹ್ನ ಮಕ್ಕಳ ವಿಭಾಗದಲ್ಲಿ ಒಂದು ನಾಯಿ ಬಂದು ಮಲಗಿತ್ತು. ಕಂದು ಬಣ್ಣದ ದೊಡ್ಡ ನಾಯಿ, ಕೊರಳಿಗೆ ಹಸಿರು ಬಟ್ಟೆ. ಇದು 'ಲುಕುಕೊಯ್ರ', ಓದಿಸುವ ನಾಯಿ. ಫಿನ್‌ಲ್ಯಾಂಡಿನ ಎಷ್ಟೋ ಲೈಬ್ರರಿಗಳಲ್ಲಿ ಇವೆ. ಓದು ಬೇಗ ಬರದ ಮಕ್ಕಳು ಮುಂಚೆಯೇ ಸಮಯ ಗೊತ್ತು ಮಾಡಿಕೊಂಡು ಬರುತ್ತಾರೆ. ಕಾಲು ಗಂಟೆ ನಾಯಿಯ ಪಕ್ಕ ಕೂತು ಜೋರಾಗಿ ಓದುತ್ತಾರೆ. ನಾಯಿ ತಪ್ಪು ಹಿಡಿಯುವುದಿಲ್ಲ, ನಗುವುದಿಲ್ಲ, ಬೇಗ ಬೇಗ ಅನ್ನುವುದಿಲ್ಲ.

ಎಂಟು ವರ್ಷದ ಹುಡುಗ ಒಬ್ಬ ಬಂದ. ಮೊದಲ ಸಾಲಿಗೇ ಮೂರು ಸಲ ನಿಂತ. ಅವನಮ್ಮ ಆಚೆ ಕಪಾಟಿನ ಹಿಂದೆ ನಿಂತಿದ್ದರು, ಉಸಿರು ಬಿಗಿಹಿಡಿದು. ಹುಡುಗ ಎಡಗೈಯನ್ನು ನಾಯಿಯ ಬೆನ್ನಿನ ಮೇಲಿಟ್ಟ. ಬಲಗೈ ಬೆರಳು ಅಕ್ಷರದ ಕೆಳಗೆ ನಿಧಾನಕ್ಕೆ ಜರುಗುತ್ತಿತ್ತು. ನಾಯಿ ಉಸಿರಾಡಿದಾಗ ಅವನ ಕೈ ಮೇಲೇಳುತ್ತಿತ್ತು, ಕೆಳಗಿಳಿಯುತ್ತಿತ್ತು. ಆ ಲಯಕ್ಕೇ ಅವನ ಓದು ಹೊಂದಿಕೊಂಡಿತು. ಎರಡು ಪುಟ ಮುಗಿಸಿದ. ನನಗೆ ಕಣ್ಣು ತುಂಬಿ ಬಂತು. ತಡವರಿಸುವ ಮಗುವಿನ ಬಾಯಿಂದ ನಾನು ಎಷ್ಟು ಪದ ಕಸಿದುಕೊಂಡಿದ್ದೀನೋ, ಅವು ಬಾಯಿಗೆ ಬರುವ ಮುಂಚೆಯೇ!

ಮುಂದಿನ ಮಗು ಬರಲಿಲ್ಲ. ನಾಯಿಯ ಯಜಮಾನಿ ನನ್ನ ಕಡೆ ನೋಡಿ, "ನೀವು ಓದ್ತೀರಾ?" ಅಂದರು. ಕೊಡುಗೆಗೆ ಅಂತ ತಂದಿದ್ದ ಕನ್ನಡ ಮಕ್ಕಳ ಪುಸ್ತಕ ಕೈಯಲ್ಲೇ ಇತ್ತು. ಕಂಬಳಿಯ ಮೇಲೆ ಕೂತೆ. ಬೆಕ್ಕಿನ ಕಥೆ ಅದು. ಮೊದಲ ಸಾಲು ಓದಿದಾಗ ನಾಯಿ ಒಂದು ಕಿವಿ ಎತ್ತಿತು. ಒಂದು ವಾರಕ್ಕೂ ಹೆಚ್ಚು ದಿನದಿಂದ ಇಂಗ್ಲಿಷಿನಲ್ಲೇ ಮಾತಾಡಿ ದಣಿದಿದ್ದ ಬಾಯಿಗೆ ಕನ್ನಡ ಬಂದದ್ದೇ ತಡ, ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಓದುತ್ತ ಹೋದೆ. ಆ ಹುಡುಗ ಮನೆಗೆ ಹೋಗದೆ ಮತ್ತೆ ಬಂದು ಪಕ್ಕದಲ್ಲಿ ಕೂತ. ಚಿತ್ರದ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ.

"ಬೆಕ್ಕು" ಅಂದೆ.

"ಪೆಕ್ಕು" ಅಂದ. ಹಳೆಯ ಫಿನ್ನಿಷ್ ಪದಗಳಲ್ಲಿ 'ಬ' ಇಲ್ಲ. ಆದರೆ ಒತ್ತಕ್ಷರ ಎಷ್ಟು ಗಟ್ಟಿಯಾಗಿ ಬಂತು! ಅವರ ಭಾಷೆಯಲ್ಲಿ ಹೂವಿಗೆ 'ಕುಕ್ಕ' ಅನ್ನುತ್ತಾರೆ, ಒತ್ತು ಅವನಿಗೆ ಹೊಸದಲ್ಲ. ತಿದ್ದಬೇಕು ಅಂತ ನನ್ನ ಬಾಯಿ ತೆರೆಯಿತು. ನಾಯಿಯ ಬೆನ್ನು ನೋಡಿ ಸುಮ್ಮನಾದೆ. ಅವನು ಮೂರು ಸಲ ತಾನೇ ಹೇಳಿಕೊಂಡ. ಮೂರನೇ ಸಲಕ್ಕೆ 'ಪ'ಗೂ 'ಬ'ಗೂ ನಡುವಿನ ಯಾವುದೋ ಒಂದು ಸದ್ದು ಬಂತು. ಅಷ್ಟು ಸಾಕಾಗಿತ್ತು.

ಸಂಜೆ ಸಿಬ್ಬಂದಿಯ ಹೊತ್ತು ಮುಗಿದಾಗ ನನ್ನ ಆತಿಥೇಯರು ಕೋಟು ಹಾಕಿಕೊಂಡರು. ಒಳಗೆ ಇನ್ನೂ ಮೂರು ಜನ ಓದುತ್ತಿದ್ದರು. ಕಾಲೇಜು ಹುಡುಗ ಒಬ್ಬ, ನಿದ್ದೆ ಮಾಡುವ ಕೂಸನ್ನು ಎದೆಗೆ ಕಟ್ಟಿಕೊಂಡ ತಾಯಿ ಒಬ್ಬರು, ಪಿಯಾನೋ ಸ್ವರಲಿಪಿ ತಿರುವುತ್ತಿದ್ದ ಹೆಂಗಸು ಒಬ್ಬರು. "ಹೋಗೋಣ?" ಅಂದರು. ನನ್ನ ಕಾಲು ಏಳಲಿಲ್ಲ. ಓದುಗರನ್ನು ಒಳಗೆ ಬಿಟ್ಟು ನಾನು ಯಾವತ್ತೂ ಲೈಬ್ರರಿಯಿಂದ ಮೊದಲು ಹೊರಗೆ ಹೋದವಳಲ್ಲ. ಅವರು ಕಾದರು. ಅವಸರ ಮಾಡಲಿಲ್ಲ. ಆಮೇಲೆ ಇಬ್ಬರೂ ಹೊರಗೆ ಬಂದು ರಸ್ತೆಯಾಚೆ ಬಸ್ ನಿಲ್ದಾಣದಲ್ಲಿ ನಿಂತೆವು. ಕಿಟಕಿಯ ಹಳದಿ ಬೆಳಕು ಬರ್ಚ್ ಮರದ ಉದುರಿದ ಎಲೆಗಳ ಮೇಲೆ ಬಿದ್ದಿತ್ತು. ಬಸ್ ಬರುವವರೆಗೂ ನಾನು ತಿರುಗಿ ತಿರುಗಿ ನೋಡುತ್ತಲೇ ಇದ್ದೆ.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಒಬ್ಬಳೇ ಹೋದೆ. ಅವರ ಮನೆಯ ವಿಳಾಸದಲ್ಲಿ ನನಗೂ ಒಂದು ಕಾರ್ಡ್ ಮಾಡಿಸಿದ್ದರು. ಚಳಿಗೆ ಬೆರಳು ಮರಗಟ್ಟಿ ಮೊದಲ ಸಲ ಸಂಖ್ಯೆ ತಪ್ಪಿತು. ಎರಡನೇ ಸಲ ಬಾಗಿಲು ತೆರೆಯಿತು. ಉಣ್ಣೆ ಟೋಪಿಯವರು ಆಗಲೇ ತಮ್ಮ ಜಾಗದಲ್ಲಿದ್ದರು. "ಹುಒಮೆಂತ" ಅಂದರು, ಶುಭೋದಯ ಅನ್ನುವ ಹಾಗೆ. ನಾನೂ ಹೇಳಿದೆ. ಅವರು ಟೋಪಿಯನ್ನು ತಮ್ಮ ಕಡೆ ಎಳೆದುಕೊಂಡು, ಮೇಜಿನ ಈ ಬದಿ ನನಗೆ ಜಾಗ ಮಾಡಿಕೊಟ್ಟರು.