ಹೆಪ್ಪು ಬೇಡ, ಗಾಳಿ ಬೇಕು

ಹೋದ ತಿಂಗಳು ನಮ್ಮ ನೀರು ಪರೀಕ್ಷೆ ಲ್ಯಾಬಿಗೆ ಹಿರಿಯರೊಬ್ಬರು ಬಂದರು. ಕೈಯಲ್ಲಿ ಅರ್ಧ ತುಂಬಿದ ಪ್ಲಾಸ್ಟಿಕ್ ಬಾಟಲಿ. ಬಸವನಗುಡಿ ಕಡೆಯ ಹಳೇ ಮನೆ, ಹಿತ್ತಲಲ್ಲಿ ತೆರೆದ ಬಾವಿ. ಪಕ್ಕದ ಕಟ್ಟಡದವರು ಜನರೇಟರಿಗೆ ಅಂತ ಹೂತಿಟ್ಟಿದ್ದ ಡೀಸೆಲ್ ಟ್ಯಾಂಕ್ ಸೋರಿತ್ತಂತೆ.

"ಮೂಸಿ ನೋಡಮ್ಮ" ಅಂತ ಮೂಗಿಗೇ ಹಿಡಿದರು. ಮೂಸಿದೆ, ಮೂಸಬಾರದಿತ್ತು. ಡೀಸೆಲ್ಲೇ.

ಆದರೆ ಆ ಬಾಟಲಿ ಪರೀಕ್ಷೆಗೆ ಆಗುವುದಿಲ್ಲ. ಡೀಸೆಲ್‌ನಲ್ಲಿರುವ ಬೆಂಜೀನ್‌ನಂಥವು ಸುಮ್ನೆ ಗಾಳಿಗೆ ಹಾರಿಹೋಗುತ್ತವೆ. 40 ಮಿಲಿಲೀಟರ್ ಗಾಜಿನ ಸೀಸೆಯಲ್ಲಿ ಒಂದು ಗುಳ್ಳೆಯೂ ಇಲ್ಲದ ಹಾಗೆ ತುಂಬಿಸಿ, ಐಸ್ ಡಬ್ಬಿಯಲ್ಲಿಟ್ಟು ತರಬೇಕು. ಕುಡಿಯುವ ನೀರಿನಲ್ಲಿ ಬೆಂಜೀನ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಷ್ಟು ಸಣ್ಣದನ್ನು ಹುಡುಕಬೇಕಲ್ವಾ?

"ಅದಿರಲಿ. ಎಣ್ಣೆ ತಿನ್ನೋ ಬ್ಯಾಕ್ಟೀರಿಯಾ ಸಿಗುತ್ತಂತಲ್ಲ, ಕೆಜಿ ಎಷ್ಟು?"

ಈ ಪ್ರಶ್ನೆ ನನಗೆ ಹೊಸದಲ್ಲ. ಅಮೆರಿಕದಲ್ಲಿದ್ದ ವಿಜ್ಞಾನಿ ಆನಂದ ಮೋಹನ್ ಚಕ್ರವರ್ತಿಯವರ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಕೊಡಬಹುದು ಅಂತ 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿತ್ತು. ಅಲ್ಲಿಂದ ಎಲ್ಲರಿಗೂ ಇದು ಪೊಟ್ಟಣದಲ್ಲಿ ಬರುವ ಮದ್ದು ಅನ್ನಿಸಿಬಿಟ್ಟಿದೆ.

ನಾನು ಕೇಳಿದೆ, "ಸಾರ್, ಮೊಸರಿಗೆ ಹೆಪ್ಪು ಹಾಕ್ತೀರಿ. ದೋಸೆ ಹಿಟ್ಟಿಗೆ ಏನು ಹಾಕ್ತೀರಿ?"

"ಏನೂ ಇಲ್ಲ. ಅದೇ ಹುಳಿ ಬರುತ್ತೆ."

ಬಾವಿ ಸುತ್ತಲಿನ ಮಣ್ಣೂ ಹಾಗೇ. ಡೀಸೆಲ್ ತಿನ್ನುವ ಬ್ಯಾಕ್ಟೀರಿಯಾ ಅಲ್ಲಿ ಸಾಮಾನ್ಯವಾಗಿ ಮೊದಲೇ ಇರುತ್ತವೆ. ಊಟ ಸಿಕ್ಕಿದ ಕೂಡಲೇ ಹೆಚ್ಚುತ್ತವೆ. ಅವಕ್ಕೆ ಸಾಲದಿರುವುದು ಉಸಿರು. 1 ಮಿಲಿಗ್ರಾಂ ಬೆಂಜೀನ್ ಪೂರ್ತಿ ಅರಗಿಸಲು ಸುಮಾರು 3 ಮಿಲಿಗ್ರಾಂ ಆಮ್ಲಜನಕ ಬೇಕು. ಒಂದು ಲೀಟರ್ ನೀರಿನಲ್ಲಿ ಕರಗಿ ಕೂರುವುದೇ 8ರ ಆಸುಪಾಸು. ಎರಡು ತುತ್ತಿಗೆ ಖಾಲಿ! ಆಮೇಲೆ ಆಮ್ಲಜನಕದ ಬದಲು ನೈಟ್ರೇಟ್, ಕಬ್ಬಿಣ, ಸಲ್ಫೇಟ್ ಬಳಸಿ ಬದುಕುವ ಬ್ಯಾಕ್ಟೀರಿಯಾಗಳ ಸರದಿ. ಅವು ನಿಧಾನ.

"ಬಾವಿ ತಳದ ನೀರು ಚರಂಡಿ ವಾಸನೆ ಹೊಡೀತಾ?"

"ಹೌದಮ್ಮ!"

ಸಲ್ಫೇಟ್ ಬಳಸುವವು ಬಿಡುವ ವಾಸನೆ ಇರಬೇಕು. ಪುಸ್ತಕಗಳಲ್ಲಿ ಕೊಳೆತ ಮೊಟ್ಟೆ ವಾಸನೆ ಅಂತಿರುತ್ತದೆ. ಅವರ ಮನೆಯಲ್ಲಿ ಮೊಟ್ಟೆ ಒಡೆದದ್ದೇ ಇಲ್ಲವಂತೆ, ಅದಕ್ಕೇ ಚರಂಡಿ ಅಂದೆ.

ಆದ್ದರಿಂದ ಮೊದಲು ಸೋರಿಕೆ ನಿಲ್ಲಬೇಕು. ಮೇಲೆ ತೇಲುವ ಡೀಸೆಲ್ ಪದರ ತೆಗೆಯಬೇಕು, ಅಷ್ಟೊಂದನ್ನು ಯಾವ ಬ್ಯಾಕ್ಟೀರಿಯಾವೂ ಬೇಗ ಮುಗಿಸುವುದಿಲ್ಲ. ಆಮೇಲೆ ಗಾಳಿ, ಬೇಕಾದರೆ ಸ್ವಲ್ಪ ಸಾರಜನಕ, ರಂಜಕ. 1989ರಲ್ಲಿ ಅಲಾಸ್ಕಾದಲ್ಲಿ ಹಡಗಿನ ಎಣ್ಣೆ ಚೆಲ್ಲಿದಾಗ ದಡದ ಕಲ್ಲುಗಳಿಗೆ ಗೊಬ್ಬರ ಸಿಂಪಡಿಸಿದ್ದರು. ತಿಂದದ್ದು ಅಲ್ಲಿದ್ದ ಬ್ಯಾಕ್ಟೀರಿಯಾಗಳೇ.

ನನಗೆ ಭಯವಿರುವುದು ಬೆಂಗಳೂರಿನ ಬಂಡೆಯದು. ಮೇಲಿನ ಸಡಿಲ ಮಣ್ಣಿಗೆ ಗಾಳಿ ಊದಬಹುದು. ಡೀಸೆಲ್ ಕೆಳಗಿನ ಬಿರುಕುಗಳಿಗೆ ಇಳಿದರೆ ಗಾಳಿ ಒಂದು ದಾರಿ ಹಿಡಿಯುತ್ತದೆ, ಎಣ್ಣೆ ಇನ್ನೊಂದು.

ಮೊನ್ನೆ ಫೋನ್ ಮಾಡಿದ್ದರು. ಟ್ಯಾಂಕ್ ಕಿತ್ತಿಸಿದ್ದಾರೆ. "ಮೊಮ್ಮಗನ ಮೀನಿನ ತೊಟ್ಟಿಯ ಪಂಪ್ ಇದೆ, ಬಾವಿಗೆ ಇಳಿಬಿಡಲಾ?"

"ಸಾಲದು ಸಾರ್. ಎಣ್ಣೆ ಸುತ್ತಲಿನ ಮಣ್ಣಿನಲ್ಲೂ ಇರುತ್ತೆ. ಅಲ್ಲಿ ಕೊಳವೆ ಇಳಿಸಿ ಗಾಳಿ ಊದಬೇಕು."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ತೆಂಗಿನ ಮರದ ಬೇರಿಗೆ ಏನೂ ಆಗಲ್ಲ ತಾನೇ?"