ರೇಸ್ ಕೊಟ್ಟರೆ ಸೊರಗುವ ಇಂಜಿನ್

ಗಂಗೊಳ್ಳಿಯಲ್ಲಿ ಭಾವನ ನಾಡದೋಣಿಯ ಹಳೇ ಔಟ್‌ಬೋರ್ಡ್ ಇಂಜಿನ್ (ದೋಣಿಯ ಹಿಂಬದಿಗೆ ಹೊರಗಿಂದ ಸಿಕ್ಕಿಸುವಂಥದ್ದು) ಈ ವಾರ ಎಲ್ಲರ ತಲೆ ತಿಂದಿತು. ಸ್ಟಾರ್ಟ್ ಆಗುತ್ತದೆ, ಸ್ಲೋದಲ್ಲಿ ಚೆನ್ನಾಗಿಯೇ ಓಡುತ್ತದೆ. ರೇಸ್ ಕೊಟ್ಟ ಕೂಡಲೇ ಉಸಿರು ಕಟ್ಟಿದ ಹಾಗೆ ಸೊರಗುತ್ತದೆ. ಪ್ಲಗ್ ಬದಲಾಯಿಸಿದ್ದೂ ಆಯ್ತು, ಪ್ರಯೋಜನ ಇಲ್ಲ.

ಭಾವ ರೇಸ್ ಕೊಡುವಾಗ ನಾನು ಟ್ಯಾಂಕಿನಿಂದ ಇಂಜಿನ್‌ಗೆ ಹೋಗುವ ಪೈಪಿನ ನಡುವಿನ ರಬ್ಬರ್ ಬಲ್ಬನ್ನು, ಕೈಯಿಂದ ಎಣ್ಣೆ ತಳ್ಳುವುದನ್ನು, ಒತ್ತುತ್ತಾ ಹೋದೆ. ಇಂಜಿನ್ ತಕ್ಷಣ ಎದ್ದಿತು! ಒತ್ತುವುದು ಬಿಟ್ಟರೆ ಮತ್ತೆ ಅದೇ. ಅಂದರೆ ಕಾರ್ಬುರೇಟರ್‌ಗೆ ಸೀಮೆಎಣ್ಣೆ ಸಾಕಾಗುತ್ತಿಲ್ಲ. ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದೇ ಇತ್ತು, ಪೈಪ್ ಎಲ್ಲೂ ಗಾಳಿ ಎಳೆಯುತ್ತಿರಲಿಲ್ಲ. ಉಳಿದದ್ದು ಸೀಮೆಎಣ್ಣೆ ಎಳೆದುಕೊಡುವ ಪಂಪ್. ಅದನ್ನು ಬಿಚ್ಚಿದರೆ, ಒಳಗೆ ಎಣ್ಣೆ ತಳ್ಳುವ ತೆಳು ಪೊರೆ, ಅಂದರೆ ಡಯಾಫ್ರಮ್, ಗಟ್ಟಿಯಾಗಿ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಹೊಸದು ಹಾಕಿದ ಮೇಲೆ ಪಿಕಪ್ ವಾಪಸ್ ಬಂತು.

ಇಂಥ ಇಂಜಿನ್ನನ್ನು ಹಾಗೇ ಓಡಿಸುವವರನ್ನು ಕಂಡರೆ ನನಗೆ ಭಯ. ಹಳೇ ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಸೀಮೆಎಣ್ಣೆಯಲ್ಲೇ ಬೆರೆತು ಬರುವುದು ಅಲ್ವಾ, ಸೀಮೆಎಣ್ಣೆ ಕಡಿಮೆಯಾದರೆ ಪಿಸ್ಟನ್‌ಗೆ ಆಯಿಲ್ಲೂ ಕಡಿಮೆ. ಅಳಿವೆಯಲ್ಲಿ ತೆರೆ ದಾಟಲು ಪೂರ್ತಿ ರೇಸ್ ಕೊಟ್ಟ ಹೊತ್ತಲ್ಲಿ ಪಿಸ್ಟನ್ ಜಾಮ್ ಆದರೆ? ಜೂನ್, ಜುಲೈಯಲ್ಲಿ ದೊಡ್ಡ ಬೋಟುಗಳಿಗೆ ನಿಷೇಧ, ಆಗ ಕಡಲಿಗಿಳಿಯುವುದು ಈ ನಾಡದೋಣಿಗಳೇ. ಮಳೆಗಾಲಕ್ಕೆ ಮುಂಚೆ ಪಂಪ್ ಒಮ್ಮೆ ಬಿಚ್ಚಿ ನೋಡಿ.